ಧರ್ಮಕ್ಕೆ ಕೊಟ್ಟ ರಕ್ತ

ಕಳೆದ ಭಾನುವಾರ ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ನಡೆದ ರಕ್ತದಾನ ಶಿಬಿರದಲ್ಲಿ ನನ್ನ ಬೆರಳ ತುದಿಯಿಂದ ತೆಗೆದ ಒಂದು ಹನಿಯನ್ನು ಮೈಲುತುತ್ತದ ನೀಲಿ ದ್ರಾವಣಕ್ಕೆ ಬಿಟ್ಟರು. ಹನಿ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ. ತೇಲಿದರೆ ಮನೆಗೆ ಹೋಗಬಹುದು. ಅಡಿಕೆಗೆ ಔಷಧಿ ಹೊಡೆಯುವ ಮನೆಯಲ್ಲಿ ಬೆಳೆದ ನನಗೆ ಮೈಲುತುತ್ತ ಹೊಸದಲ್ಲವಾದರೂ, ಅದು ಮನುಷ್ಯನ ರಕ್ತವನ್ನೂ ತೂಗುತ್ತದೆ ಎಂಬುದು ಪ್ರತಿ ಸಲವೂ ಸೋಜಿಗವೇ. ಪಕ್ಕದ ಮಂಚದಲ್ಲಿ ರಬ್ಬರ್ ಚೆಂಡು ಹಿಚುಕುತ್ತಾ ಮಲಗಿದ್ದ ನೆರೆಮನೆಯ ಹಿರಿಯರು ನನ್ನನ್ನು ಕಂಡು, "ದೇವರು ದಿಂಡರು ಅಂದರೆ ದೂರ ಹೋಗುವ ನೀನೂ ಬಂದಿದ್ದೀಯಲ್ಲ ಮಾರಾಯ! ನಮಗೆ ಪುಣ್ಯವಾದರೂ ಬರುತ್ತದೆ, ನಿನಗೇನು ಬರುತ್ತದೆ?" ಎಂದು ನಕ್ಕರು. ಬಿಸ್ಕತ್ತು ಬರುತ್ತದೆ ಎಂದು ತಪ್ಪಿಸಿಕೊಂಡೆನಾದರೂ ಪ್ರಶ್ನೆ ಮಾತ್ರ ನನ್ನ ಜೊತೆಗೇ ಮನೆಗೆ ಬಂತು.

ಆ ಪ್ರಶ್ನೆಯ ಹಿಂದಿರುವ, ಧರ್ಮವಿಲ್ಲದೆ ನೀತಿಯಿಲ್ಲ ಎಂಬ ವಾದ ಕನ್ನಡದಲ್ಲಿ ಸುಲಭವಾಗಿ ಗೆಲ್ಲುವುದಕ್ಕೆ ಧರ್ಮ ಎಂಬ ಪದವೇ ಒಂದು ಕಾರಣ. ಬಾಗಿಲಲ್ಲಿ ನಿಂತು "ಧರ್ಮ ಮಾಡಿ ತಾಯಿ" ಎಂದು ಕೂಗುವವರು ಯಾವ ಮತವನ್ನೂ ಪ್ರಚಾರ ಮಾಡುವುದಿಲ್ಲ. ಹಿಂದಿನವರು ಬಡವರಿಗೆ ಬಿಟ್ಟಿ ಔಷಧಿ ಕೊಡುವ ಜಾಗವನ್ನು ಧರ್ಮಾಸ್ಪತ್ರೆ ಎಂದು ಕರೆಯುತ್ತಿದ್ದಾಗ ಅಲ್ಲಿ ಪೂಜೆ ನಡೆಯುತ್ತದೆಂದು ಯಾರೂ ತಿಳಿದಿರಲಿಲ್ಲ. ಈ ಅರ್ಥದ ಧರ್ಮವಿಲ್ಲದೆ ನೀತಿಯಿಲ್ಲ ಎಂಬುದು ನೀತಿಯಿಲ್ಲದೆ ನೀತಿಯಿಲ್ಲ ಎಂದಷ್ಟೇ ಸತ್ಯ. ಅಷ್ಟನ್ನು ನಮ್ಮಿಂದ ಒಪ್ಪಿಸಿಕೊಂಡು, ಆಮೇಲೆ ಅದೇ ಪದದ ಚೀಲದಿಂದ ದೇವರನ್ನೂ ಶಾಸ್ತ್ರವನ್ನೂ ಸ್ವರ್ಗ ನರಕಗಳನ್ನೂ ಹೊರತೆಗೆಯುವುದು ಕೈಚಳಕ. ಹನ್ನೆರಡನೆಯ ಶತಮಾನದ ಬಸವಣ್ಣನವರು ಪರಮ ಶಿವಭಕ್ತರು. ಆದರೂ ಅವರು ದಯವೇ ಧರ್ಮದ ಮೂಲ ಎಂದರೇ ಹೊರತು ಧರ್ಮವೇ ದಯದ ಮೂಲ ಎನ್ನಲಿಲ್ಲ. ದಯವಿಲ್ಲದ ಧರ್ಮ ಯಾವುದು ಎಂದು ಕೇಳಬೇಕಾದರೆ ಧರ್ಮವನ್ನು ಅಳೆಯುವ ಕೋಲು ಅದಕ್ಕಿಂತ ಮೊದಲೇ ಕೇಳುವವನ ಕೈಯಲ್ಲಿರಬೇಕಲ್ಲವೇ?

ಇನ್ನು ಸ್ವಾರ್ಥದ ಮಾತು. ನನ್ನ ನೆರೆಯವರು ಪುಣ್ಯಕ್ಕಾಗಿ ಕೊಟ್ಟರು, ನಾನು ಮನಸ್ಸಿನ ಸಮಾಧಾನಕ್ಕಾಗಿ ಕೊಟ್ಟೆ, ಹಾಗಾದರೆ ಇಬ್ಬರೂ ಸ್ವಾರ್ಥಿಗಳೇ ಎಂದು ಕೈ ತೊಳೆದುಕೊಳ್ಳುವವರಿದ್ದಾರೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ಚಿಂತಕ ಥಾಮಸ್ ಹಾಬ್ಸ್‌ನ ಬಗ್ಗೆ ಅವನ ಗೆಳೆಯ ಜಾನ್ ಆಬ್ರೆ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಹಾಬ್ಸ್ ಒಬ್ಬ ಕಾಯಿಲೆಯ ಮುದುಕನಿಗೆ ಆರು ಪೆನ್ನಿ ಭಿಕ್ಷೆ ಕೊಟ್ಟಾಗ ಜೊತೆಗಿದ್ದ ಪಾದ್ರಿ, ಕ್ರಿಸ್ತನ ಆಜ್ಞೆ ಇಲ್ಲದಿದ್ದರೂ ಕೊಡುತ್ತಿದ್ದೆಯಾ ಎಂದು ಕೇಳಿದನಂತೆ. ಹೌದು, ಆತನ ಪಾಡು ನೋಡಿ ನನಗೆ ಸಂಕಟವಾಗಿತ್ತು, ಕೊಟ್ಟಿದ್ದರಿಂದ ಅವನಿಗೂ ನನಗೂ ಹಗುರವಾಯಿತು ಎಂದು ಹಾಬ್ಸ್‌ನ ಉತ್ತರ. ಇದನ್ನು ಸ್ವಾರ್ಥವೆಂದು ಕರೆಯುವವರು ಒಂದು ಮಾತು ಮರೆಯುತ್ತಾರೆ: ಮುದುಕನ ಪಾಡು ತನಗೇನೂ ಅಲ್ಲ ಎಂದುಕೊಂಡವನಿಗೆ ಮೊದಲು ಸಂಕಟವೂ ಆಗುವುದಿಲ್ಲ, ಆಮೇಲೆ ಹಗುರವೂ ಆಗುವುದಿಲ್ಲ. ಈ ಬಗೆಯ ವಾದವನ್ನು 1726ರಲ್ಲೇ ತನ್ನ ಉಪದೇಶಗಳಲ್ಲಿ ಮಂಡಿಸಿದ ಜೋಸೆಫ್ ಬಟ್ಲರ್ ಕೂಡ ಒಬ್ಬ ಪಾದ್ರಿಯೇ ಎಂಬುದು ನನ್ನಂಥ ನಾಸ್ತಿಕನಿಗೆ ಸ್ವಲ್ಪ ಮುಜುಗರದ ಸಂಗತಿ.

ಹಾಗೆಂದು ಎಲ್ಲ ಉದ್ದೇಶಗಳೂ ಒಂದೇ ಎನ್ನಲಾಗದು. ದುಡ್ಡಿಗೆ ರಕ್ತ ಮಾರುವವನಿಗೆ ತನ್ನ ಕಾಯಿಲೆಯನ್ನು ಬಚ್ಚಿಡಲು ಕಾರಣವಿರುತ್ತದೆ, ಸುಮ್ಮನೆ ಕೊಡುವವನಿಗೆ ಇರುವುದಿಲ್ಲ ಎಂದು ಬ್ರಿಟನ್ನಿನ ಸಮಾಜ ಚಿಂತಕ ರಿಚರ್ಡ್ ಟಿಟ್ಮಸ್ 1970ರಲ್ಲಿ ವಾದಿಸಿದ. ನಮ್ಮಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದಕ್ಕೆ ನಿಷೇಧ ಬಂತು. ಸಂಗ್ರಹಿಸಿದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುತ್ತಾರೆ. ಆದರೆ ಸೋಂಕು ತಗಲಿದ ಮೊದಲ ದಿನಗಳಲ್ಲಿ ಅದು ಪರೀಕ್ಷೆಗೆ ಸಿಕ್ಕದೆ ಹೋಗಬಹುದಾದ್ದರಿಂದ, ಕೊನೆಗೂ ರೋಗಿಯ ಜೀವ ನಿಂತಿರುವುದು ರಕ್ತ ಕೊಡುವ ಮೊದಲು ದಾನಿ ತನ್ನ ಆರೋಗ್ಯದ ಬಗ್ಗೆ ತುಂಬುವ ಪ್ರಶ್ನೆಗಳ ಹಾಳೆಯ ಮೇಲೆ.

ಆ ಹಾಳೆಯಲ್ಲಿ ನಾನು ಒಮ್ಮೆ ಸುಳ್ಳು ಬರೆದಿದ್ದೇನೆ. ಹತ್ತು ವರ್ಷಗಳ ಹಿಂದೆ ಭಾವನ ಶಸ್ತ್ರಚಿಕಿತ್ಸೆಗೆಂದು ಬದಲಿ ರಕ್ತ ಕೊಡಬೇಕಾಗಿ ಬಂದಾಗ, ಮೂರು ದಿನಗಳಿಂದ ಜ್ವರದ ಮಾತ್ರೆ ನುಂಗುತ್ತಿದ್ದುದನ್ನು ಮುಚ್ಚಿಟ್ಟು "ಇಲ್ಲ" ಎಂಬಲ್ಲಿ ಗೆರೆ ಎಳೆದೆ. ನಾನು ಕೊಟ್ಟ ಚೀಲ ಭಾವನಿಗಲ್ಲ, ಯಾರೋ ಅಪರಿಚಿತರಿಗೆ ಹೋಗುತ್ತದೆಂದು ಗೊತ್ತಿತ್ತು. ದುಡ್ಡಿನಾಸೆ ಇರಲಿಲ್ಲ, ಅಕ್ಕನ ಮೇಲಿನ ಪ್ರೀತಿಯಿತ್ತು, ಅಷ್ಟೇ. ಆ ಪ್ರೀತಿ ಸ್ವಾರ್ಥವೋ ಅಲ್ಲವೋ ಎಂದು ನಿಘಂಟು ತೆರೆದು ತೀರ್ಮಾನಿಸಿದರೆ ಏನು ಬಂತು, ಆ ಅಪರಿಚಿತರು ನನ್ನ ಲೆಕ್ಕದಲ್ಲೇ ಇರಲಿಲ್ಲ.

ನೆರೆಯವರೂ ಹಿಂದಿನ ವರ್ಷ ಇಂಥದೇ ಹಾಳೆಯ ಮುಂದೆ ಕುಳಿತಿದ್ದವರು, ಅರ್ಧ ತುಂಬಿ ಎದ್ದು ಮನೆಗೆ ಹೋಗಿದ್ದರು. ಅವರೂ ಆಗ ಜ್ವರಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೆ. ಬಿಸ್ಕತ್ತು ತಿನ್ನುವಾಗ ಇದು ನೆನಪಾಗಿ, ಅಂದು ಕೊಟ್ಟಿದ್ದರೆ ಪುಣ್ಯ ಬರುತ್ತಿತ್ತಲ್ಲ, ಸುಳ್ಳು ಹೇಳಿದ ಪಾಪ ಅದಕ್ಕಿಂತ ದೊಡ್ಡದಾದೀತೆಂದು ಹೆದರಿದಿರಾ ಎಂದು ಕೇಳಿದೆ. ಅವರು ಮಾವಿನ ರಸದ ಪೊಟ್ಟಣಕ್ಕೆ ಕೊಳವೆ ಚುಚ್ಚುತ್ತಾ, "ಪಾಪ ಗೀಪ ಅಲ್ಲ ಮಾರಾಯ, ಅದನ್ನೇ ತೆಗೆದುಕೊಂಡು ಹೋಗಿ ಯಾವುದಾದರೂ ಬಾಣಂತಿಗೆ ಹಾಕಿಬಿಟ್ಟಿದ್ದರೆ?" ಎಂದರು.