ಬಂಗಲೆ ತೋರಿಸಿ ಇತಿಹಾಸ ಅಂತೀರಲ್ಲ, ಆಳುಗಳಿದ್ದ ಲೈನ್ ಮನೆ ಎಲ್ರೀ?

ರಜೆ ಬಂದರೆ ಸಾಕು, ಕೊಡಗಿನ ಹಳೇ ಬ್ರಿಟಿಷ್ ಕಾಫಿ ತೋಟಗಳಲ್ಲಿ "ಮಕ್ಕಳಿಗೆ ಇತಿಹಾಸ ಪಾಠ" ಅನ್ನೋ ವ್ಯಾಪಾರ ಶುರು. ತಲೆಗೆ ಇಷ್ಟು ಅಂತ ದುಡ್ಡು ಕೀಳ್ತಾರೆ. ಪಾಠ ಏನು? ಬಾಬಾ ಬುಡನ್ ತಂದ ಏಳು ಬೀಜ, 1854ರಲ್ಲಿ ಮಡಿಕೇರಿಯಲ್ಲಿ ತೋಟ ಹಾಕಿದ ಫೌಲರ್ ದೊರೆ, ಆಮೇಲೆ ಬಂಗಲೆ, ಗೋಡೆ ಮೇಲೆ ಕಾಟಿ ತಲೆ. ಮುಗೀತು, ಕಾಫಿಪುಡಿ ಅಂಗಡಿ ಕಡೆ ನಡೀರಿ.

ಅಲ್ರೀ, ಕತ್ತಿ ಹಿಡಿದು ಕಾಡು ಕಡಿದದ್ದು ದೊರೆನಾ? ಕಡಿದು ಸುಟ್ಟು ಗುಂಡಿ ತೋಡಿದವರು ಇಲ್ಲಿನ ಬುಡಕಟ್ಟಿನ ಯರವರು, ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳು ಕರ್ಕೊಂಡು ಬಂದ ಆಳುಗಳು. ಮುಂಗಡ ಮೇಸ್ತ್ರಿ ಕೈಗೆ, ಸಾಲ ಆಳಿನ ತಲೆಗೆ. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದವರಿಗೆ ಅಂತಲೇ 1859ರ 13ನೇ ಕಾಯ್ದೆ ಇತ್ತು: ಮ್ಯಾಜಿಸ್ಟ್ರೇಟ್ ಹೇಳಿದ ಮೇಲೂ ದುಡಿಯದಿದ್ದರೆ, ಮುಂಗಡ ವಾಪಸ್ ಕಟ್ಟದಿದ್ದರೆ ಮೂರು ತಿಂಗಳವರೆಗೆ ಜೈಲು. ಮಾತು ತಪ್ಪಿದ ದೊರೆಗೆ ಆ ಕಾಯ್ದೆಯಲ್ಲಿ ಜೈಲಿರಲಿಲ್ಲ. ಅದನ್ನ ರದ್ದು ಮಾಡಿದ್ದು 1925ರಲ್ಲಿ. ಇದನ್ನ ಬಾಯಿಬಿಡೋ ಗೈಡ್ ಒಬ್ಬನನ್ನ ತೋರಿಸಿ ನೋಡೋಣ.

ನೆರಳಿನ ಮರಗಳ ಬಗ್ಗೆ ಕೇಳಿದರಂತೂ "ಬ್ರಿಟಿಷರಿಗೆ ಕಾಡಂದ್ರೆ ಪ್ರೀತಿ ಸಾರ್" ಅಂತಾರೆ. ಪ್ರೀತಿಯಂತೆ! ಮೊದಮೊದಲು ಕಾಡನ್ನ ಪೂರಾ ಬೋಳಿಸಿ ಬಿಸಿಲಲ್ಲೇ ಗಿಡ ಹಾಕಿದ್ದರು. ಕಾಂಡಕೊರಕದ ಹೆಣ್ಣು ದುಂಬಿಗೆ ಮೊಟ್ಟೆ ಇಡೋಕೆ ಬೇಕಾದದ್ದೇ ಬಿಸಿಲು ಬಿದ್ದ ಕಾಂಡದ ತೊಗಟೆಯ ಸಂದು. 1860ರ ದಶಕದಲ್ಲಿ ತೋಟಕ್ಕೆ ತೋಟವೇ ಒಣಗಿತು. ಮದ್ರಾಸ್ ಸರ್ಕಾರ ಜಾರ್ಜ್ ಬಿಡೀ ಅನ್ನೋ ಡಾಕ್ಟರನ್ನ ಕಳಿಸಿ 1869ರಲ್ಲಿ ವರದಿ ತರಿಸಿತು. ನೆರಳು ಬಂದದ್ದು ಆ ಪೆಟ್ಟು ತಿಂದ ಮೇಲೆ. ಮಕ್ಕಳಿಗೆ ತೋರಿಸೋದೂ ಸುಲಭ: ಹುಳ ಬಿದ್ದ ಅರೇಬಿಕಾ ಕಾಫಿ ಗಿಡದ ಕಾಂಡದ ಮೇಲೆ ಬಳೆ ಹಾಗೆ ಉಬ್ಬು ಇರುತ್ತೆ, ಕೈಯಾಡಿಸಿದರೆ ಗೊತ್ತಾಗುತ್ತೆ.

ಇನ್ನು ಇವರು ಕರೆಯೋ ಕಾಲ ನೋಡಿ. ಜುಲೈಯಲ್ಲಿ! ಗಿಡದ ತುಂಬ ಹಸಿರು ಕಾಯಿ, ಕಾಲಿನ ತುಂಬ ಇಂಬಳ, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಯಂತ್ರದ ಮನೆಗೆ ಬೀಗ. ಅರೇಬಿಕಾ ಕೊಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಆಮೇಲೆ ಮಾರ್ಚ್ ತನಕ. ಆಗ ಸಂಜೆ ಹೊತ್ತಿಗೆ ಹೋದರೆ ಆಳುಗಳು ಕೊಯ್ದ ಹಣ್ಣು ಅಳತೆ ಮಾಡೋದು, ಪಲ್ಪರ್ ಓಡೋದು ಎರಡೂ ಸಿಗುತ್ತೆ. ಕೊಯ್ದ ಹಣ್ಣನ್ನ ಅವತ್ತೇ ಸಿಪ್ಪೆ ಬಿಡಿಸಬೇಕು, ರಾಶಿ ಬಿಟ್ಟರೆ ಬಿಸಿಯೇರಿ ಹುಳಿತು ಕಾಫಿಗೆ ಕೆಟ್ಟ ವಾಸನೆ ಹಿಡಿಯುತ್ತೆ. ಮಕ್ಕಳಿಗೆ ಬುಟ್ಟಿ ಕೊಟ್ಟು, ಹಸಿರು ಕಾಯಿ ಒಂದೂ ಬೀಳದ ಹಾಗೆ ಐದಾರು ಕೆಜಿ ಬರೀ ಕೆಂಪು ಹಣ್ಣು ಕೊಯ್ಯೋಕೆ ಹೇಳಿ. ಅಷ್ಟರಿಂದ ಕೊನೆಗೆ ಬರೋದು ಒಂದು ಕೆಜಿ ಬೀಜ. ಕೆಜಿ ಲೆಕ್ಕದ ಕೂಲಿ ಅಂದರೇನು ಅಂತ ಆಮೇಲೆ ಬೇರೆ ಪಾಠ ಬೇಕಾಗಲ್ಲ.

ಲೈನ್ ಮನೆ ಕೇಳಿದರೆ ಗೈಡಿನ ಮುಖವೇ ಬಾಡುತ್ತೆ. ಗೋಡೆಗೆ ಗೋಡೆ ಅಂಟಿದ ಉದ್ದ ಸಾಲು, ಒಂದು ಕೋಣೆ, ಮುಂದೆ ಗೇಣಗಲ ಜಗಲಿ. ವಸತಿ, ಕುಡಿಯೋ ನೀರು, ಔಷಧಿ ಕೊಡಲೇಬೇಕು ಅಂತ ತೋಟ ಕಾರ್ಮಿಕರ ಕಾಯ್ದೆ ಬಂದದ್ದು 1951ರಲ್ಲಿ. ಜನ ಈಗಲೂ ಬದುಕ್ತಿರೋ ಮನೆಗೆ ಕ್ಯಾಮೆರಾ ಹಿಡ್ಕೊಂಡು ನುಗ್ಗೋದು ಬೇಡ, ಅದು ಇನ್ನೂ ಅಸಹ್ಯ. ಖಾಲಿ ಬಿದ್ದ ಹಳೇ ಸಾಲು ಇದ್ದರೆ ಅದರದ್ದೇ ಒಂದು ಕೋಣೆ ರಿಪೇರಿ ಮಾಡಿ ತೋರಿಸಿ. ಬಂಗಲೆಯ ಮರದ ನೆಲಕ್ಕೆ ಪಾಲಿಶ್ ಹೊಡಿಸೋಕೆ ದುಡ್ಡಿದೆಯಲ್ಲ?

ಅಜ್ಜ ಅಜ್ಜಿ ಘಟ್ಟ ಹತ್ತಿ ಬಂದು ದುಡಿದ ಮನೆತನದವರು ಹೋಗೋ ಮುಂಚೆ ಹಿರಿಯರ ಹತ್ರ ಕೇಳಿಕೊಂಡು ಹೋಗಿ: ಯಾವ ತೋಟ, ಮೇಸ್ತ್ರಿ ಹೆಸರೇನು. ಆಳುಗಳ ಲೆಕ್ಕ ಮೇಸ್ತ್ರಿ ಹೆಸರಿನ ಕೆಳಗೇ ಇರೋದರಿಂದ ಹಳೇ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಬರೆಯೋ ಪುಸ್ತಕ) ಉಳಿದಿದ್ದರೆ ಹುಡುಕೋದು ಅಲ್ಲಿಂದಲೇ. ಕೆಲವು ಕಡೆ ಆ ಪುಸ್ತಕ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿರ್ತಾರೆ, ಬರೀ ರಟ್ಟು ಕಾಣೋ ಹಾಗೆ. ತೆಗೆಸಿ. ಮುಂಗಡದ ಕಾಲಂ ಓದಿ ಹೇಳಿ ಅನ್ನಿ. "ಅದೆಲ್ಲ ಟೂರಲ್ಲಿ ಬರಲ್ಲ" ಅಂದರೆ ಟಿಕೆಟ್ ದುಡ್ಡು ವಾಪಸ್ ಕೇಳಿ, ಗಲಾಟೆಯಾದರೂ ಪರವಾಗಿಲ್ಲ.