ಪವರ್ ಪ್ಲೇ: ಪಾಸೋ, ಹೊಡೆತವೋ?

ಎದುರಾಳಿಯೊಬ್ಬ ತಪ್ಪು ಮಾಡಿ ಪೆನಾಲ್ಟಿ ಬಾಕ್ಸಿನಲ್ಲಿ ಕೂತಿರುವ 2 ನಿಮಿಷಕ್ಕೆ, ಅಂದರೆ ಪವರ್ ಪ್ಲೇಗೆ, ಹವ್ಯಾಸಿ ಐಸ್ ಹಾಕಿ ತಂಡಗಳು ನಿಗದಿತ ಪಾಸಿಂಗ್ ಯೋಜನೆ ಇಟ್ಟುಕೊಳ್ಳಬೇಕೆ?

ಪರ: ಗೋಲ್‌ಕೀಪರನ್ನು ಕೇಳಿ

ನಾನು ಗೋಲ್‌ಕೀಪರ್. ಎದುರು ತಂಡಕ್ಕೆ ಪವರ್ ಪ್ಲೇ ಸಿಕ್ಕಾಗ ನನಗೆ ಯಾವುದರ ಭಯ ಎಂದು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಬ್ಲೂ ಲೈನಿನಿಂದ, ಅಂದರೆ ದಾಳಿ ವಲಯದ ಅಂಚಿನ ಗೆರೆಯಿಂದ, ಬರುವ ಹೊಡೆತದ ಭಯ ಖಂಡಿತ ಅಲ್ಲ. ಎಷ್ಟೋ ಹವ್ಯಾಸಿ ಲೀಗ್‌ಗಳಲ್ಲಿ ಸ್ಟಿಕ್ ಎತ್ತಿ ಬಲವಾಗಿ ಬಾರಿಸುವ ಸ್ಲ್ಯಾಪ್ ಶಾಟ್‌ಗೇ ನಿಷೇಧ. ಅಷ್ಟು ದೂರದಿಂದ ಬರುವ ಪಕ್ (ಆಟದ ರಬ್ಬರ್ ಬಿಲ್ಲೆ) ನನ್ನ ಪ್ಯಾಡ್ ಮುಟ್ಟುವ ಹೊತ್ತಿಗೆ ಅರ್ಧ ಸುಸ್ತಾಗಿರುತ್ತದೆ. ನನಗೆ ನಡುಕ ಹುಟ್ಟಿಸುವುದು ಕಣ್ಣೆದುರೇ ಅಡ್ಡ ಹಾಯುವ ಪಾಸು. ಪಕ್ ಎಡಕ್ಕಿದೆ ಎಂದು ಎಡ ಕಂಬಕ್ಕೆ ಅಂಟಿಕೊಂಡಿರುತ್ತೇನೆ, ಮರುಕ್ಷಣ ಅದು ಬಲಗಡೆಯವನ ಸ್ಟಿಕ್ಕಿನಲ್ಲಿರುತ್ತದೆ. ಮೈತುಂಬ ಪ್ಯಾಡು ಕಟ್ಟಿಕೊಂಡು ಅಷ್ಟಗಲ ಜಾರುವುದರೊಳಗೆ ಕೆಲಸ ಮುಗಿದಿರುತ್ತದೆ.

ಐವರ ಎದುರು ನಾಲ್ವರಾದಾಗ ರಕ್ಷಣೆಯವರು ಸಾಮಾನ್ಯವಾಗಿ ಚೌಕ ಕಟ್ಟಿ ನಿಲ್ಲುತ್ತಾರೆ. ನಿಂತ ಚೌಕವನ್ನು ಒಡೆಯುವುದು ಕಷ್ಟ, ಅಲುಗಿದ ಚೌಕ ತಾನೇ ಬಾಯಿ ಬಿಡುತ್ತದೆ. ಅಲುಗಿಸುವ ಕೆಲಸ ಪಾಸಿನದು. ಇದಕ್ಕೇನು ಮಹಾವಿದ್ಯೆ ಬೇಕಿಲ್ಲ: ಬ್ಲೂ ಲೈನಿನ ನಡುವೆ ಒಬ್ಬ, ಗೋಲಿನ ಎಡಬಲಕ್ಕೆ ಐಸಿನ ಮೇಲೆ ಬರೆದ ಎರಡು ಫೇಸ್‌ಆಫ್ ವೃತ್ತಗಳಲ್ಲಿ ಒಬ್ಬೊಬ್ಬ, ಚೌಕದ ಒಳಗೆ ಒಬ್ಬ, ಗೋಲಿನ ಬಾಯಲ್ಲಿ ಒಬ್ಬ. 1-3-1 ಎನ್ನುತ್ತಾರೆ. ಚೌಕದೊಳಗಿನವನು ಪಕ್ ಮುಟ್ಟದಿದ್ದರೂ ಅವನ ಮೇಲೆ ಕಣ್ಣಿಡಲು ಇಬ್ಬರು ಒಳಗೆ ಎಳೆದುಕೊಳ್ಳುತ್ತಾರೆ. ಬಲಗೈಯವನನ್ನು ಎಡ ವೃತ್ತದಲ್ಲಿ ನಿಲ್ಲಿಸಿದರೆ ಬಂದ ಪಾಸನ್ನು ನಿಲ್ಲಿಸದೆ ಹಾಗೇ ಹೊಡೆಯಬಲ್ಲ. ಬಲಗೈಯ ಅಲೆಕ್ಸ್ ಒವೆಚ್ಕಿನ್ ಆ ಜಾಗವನ್ನೇ ಮನೆ ಮಾಡಿಕೊಂಡವನು. 2025ರ ಏಪ್ರಿಲ್‌ನಲ್ಲಿ ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಲೀಗ್) ದಾಖಲೆ ಮುರಿದದ್ದೂ ಪವರ್ ಪ್ಲೇಯಲ್ಲಿ, ಅದೇ ಎಡ ವೃತ್ತದಿಂದ. ಅಲ್ಲೇ ಇರುತ್ತಾನೆಂದು ಇಡೀ ಲೀಗಿಗೆ ಗೊತ್ತಿತ್ತು. ತಡೆಯಲಾಯಿತೇ?

ನಮ್ಮ ಮಟ್ಟಕ್ಕೇ ಬರೋಣ. ಒಮ್ಮೆ ಎದುರು ಬಂದ ತಂಡದಲ್ಲಿ ಅರ್ಧ ಜನಕ್ಕೆ ಹಿಮ್ಮುಖವಾಗಿ ಸ್ಕೇಟ್ ಮಾಡಲೂ ಸರಿಯಾಗಿ ಬಾರದು. ಪವರ್ ಪ್ಲೇ ಸಿಕ್ಕಿತು, ಒಬ್ಬರೂ ಓಡಾಡಲಿಲ್ಲ. ರಿಂಕಿನ ಅಂಚಿನ ಬೋರ್ಡಿನ ಪಕ್ಕದವನು ಬ್ಲೂ ಲೈನಿನ ಬಳಿ ಮೇಲೆ ನಿಂತವನಿಗೆ ಕೊಟ್ಟ, ಅವನು ವಾಪಸ್ ಕೊಟ್ಟ, ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ನಮ್ಮ ವಿಂಗರ್‌ಗೆ ತಾಳ್ಮೆ ಕೆಟ್ಟಿತು, ಮೇಲಿನವನ ಮೇಲೆ ಏರಿಹೋದ. ಅವನು ಬಿಟ್ಟ ಜಾಗದಲ್ಲೇ ಪಕ್ ಅಡ್ಡ ಹಾಯ್ದಿತು. ನಾನಿನ್ನೂ ಒಂದು ಮಂಡಿ ಊರಿದ್ದೆ. ಆಚೆಯವನು ಜೋರಾಗಿಯೂ ಹೊಡೆಯಲಿಲ್ಲ, ತಳ್ಳಿದ ಅಷ್ಟೆ. ನಗುತ್ತಿದ್ದ ಬೇರೆ.

ಇನ್ನು ಬೆಂಚಿನಿಂದ ‘ಹೊಡಿ, ಹೊಡಿ’ ಎನ್ನುವವರಿಗೆ ಉತ್ತರ ಕೊಡುವ ಅಗತ್ಯ ಕಾಣೆ. ಪಕ್ ನಡುಗೆರೆ ದಾಟುವ ಮೊದಲೇ ಅವರ ಕೂಗು ಶುರುವಾಗಿರುತ್ತದೆ.

ವಿರೋಧ: ಆ ಐವರು ಯಾರು?

ವಿರೋಧ ಬರೆಯಲು ಯಾರೂ ಸಿಗದೆ ಇದು ನನ್ನ ಪಾಲಿಗೆ ಬಂತು. ಅಡ್ಡ ಪಾಸು ಗೋಲ್‌ಕೀಪರಿಗೆ ಕಷ್ಟ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ತಂಡದ ಸರದಿ ನೋಡಿಕೊಳ್ಳುವವನು ನಾನು, ನನ್ನ ತಲೆನೋವು ಬೇರೆ. ವೃತ್ತಿಪರರಲ್ಲಿ ಪವರ್ ಪ್ಲೇಗೆಂದೇ ಆರಿಸಿದ ಐವರಿರುತ್ತಾರೆ. ನಮ್ಮಲ್ಲಿ ಯಾರ ಶಿಫ್ಟೋ ಅವರೇ. ಎಲ್ಲರೂ ಕಟ್ಟಿದ್ದು ಒಂದೇ ಶುಲ್ಕ. ‘ಈಗ ಪವರ್ ಪ್ಲೇ, ನೀನು ಕೂತಿರು’ ಎಂದು ಯಾರಿಗೆ ಹೇಳಲಿ? ಅಭ್ಯಾಸದ ಮಾತಂತೂ ಬೇಡ. ಹಲಗೆಯ ಮೇಲೆ ಚೆಂದವಾಗಿ ಹರಡಿದ ಐದು ಚುಕ್ಕಿಗಳಲ್ಲಿ ಮೂರು, ಐಸಿಗಿಳಿದ ಕೂಡಲೇ ಒಂದೇ ಮೂಲೆಯಲ್ಲಿ ಪಕ್ ಹುಡುಕುತ್ತಿರುತ್ತವೆ.

ಇರುವುದೇ 2 ನಿಮಿಷ, ಅದರಲ್ಲೂ ಅನೇಕ ಲೀಗ್‌ಗಳಲ್ಲಿ ಗಡಿಯಾರ ನಿಲ್ಲುವುದಿಲ್ಲ. ಒಂದು ಪಾಸು ತಪ್ಪಿತೋ, ಎದುರಾಳಿ ಅದನ್ನು ರಿಂಕಿನ ಆ ತುದಿಗೆ ಬಾರಿಸುತ್ತಾನೆ. ಆಳು ಕಡಿಮೆ ಇರುವ ತಂಡ ಹೀಗೆ ಉದ್ದಕ್ಕೆ ಬಾರಿಸಿದರೆ ಐಸಿಂಗ್ ಎಂಬ ತಪ್ಪು ಕರೆಯುವುದಿಲ್ಲವಲ್ಲ. ಹೋಗಿ ತಂದು, ಪಕ್‌ಗಿಂತ ಮೊದಲೇ ಯಾರೂ ನುಗ್ಗಿ ಆಫ್‌ಸೈಡ್ ಆಗದಂತೆ ಬ್ಲೂ ಲೈನ್ ದಾಟಿ, ಎಲ್ಲರೂ ತಮ್ಮ ತಮ್ಮ ಜಾಗ ನೆನಪಿಸಿಕೊಳ್ಳುವಷ್ಟರಲ್ಲಿ ಅರ್ಧ ನಿಮಿಷ ಕರಗಿತು. ಅದಕ್ಕಿಂತ ಹೊಡೆದುಬಿಡಿ. ಇಬ್ಬರು ಗೋಲಿನ ಮುಂದೆ ಕಣ್ಣಿಗೆ ಅಡ್ಡ ನಿಲ್ಲಲಿ, ಪ್ಯಾಡಿಗೆ ಬಡಿದು ವಾಪಸ್ ಬಂದದ್ದನ್ನು ಒಳಗೆ ತಳ್ಳಲಿ. ಗೋಲ್‌ಕೀಪರ್ ಮಹಾಶಯರು ರೀಬೌಂಡ್ ವಿಷಯ ಎತ್ತಲೇ ಇಲ್ಲ, ಗಮನಿಸಿದಿರಾ?

ಒವೆಚ್ಕಿನ್ ಕಥೆ ನಮಗೇಕೆ? ಎನ್‌ಎಚ್‌ಎಲ್‌ನಲ್ಲೇ ಐದು ಪವರ್ ಪ್ಲೇಗೆ ಹೆಚ್ಚುಕಡಿಮೆ ಒಂದು ಗೋಲು, ಅದೂ ಇದೇ ಕಸುಬಾಗಿರುವವರಿಗೆ. ಗೋಲಿನ ಮುಂದೆ ಯಾರು ನಿಲ್ಲಬೇಕೆಂದು ಮೊದಲೇ ಮಾತಾಡಿಕೊಳ್ಳುವುದೂ ಯೋಜನೆಯೇ ಅಲ್ಲವೇ ಎಂದರೆ, ಇರಬಹುದು. ಅಷ್ಟನ್ನು ನಾನೂ ಹಲಗೆಯ ಮೇಲೆ ಬರೆಯುತ್ತೇನೆ.