ಭೀಮನ ಪಥ್ಯ

ಗಣೇಶನ ಹಬ್ಬದ ಹಿಂದಿನ ದಿನ ಕಾಯಿತುರಿ ಹುಡುಕಲೆಂದು ಫ್ರೀಜರಿಗೆ ಕೈಹಾಕಿದ ನನ್ನ ಹೆಂಡತಿ ಇಲಿಗಳ ಪೊಟ್ಟಣವನ್ನು ಹೊರತೆಗೆದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಾ ರೀ, ದೇವರನ್ನು ನಡುಮನೆಯಲ್ಲಿ ಕೂರಿಸಿ ಅವನ ವಾಹನವನ್ನು ಫ್ರೀಜರಿನಲ್ಲಿ ಮಲಗಿಸಿದರೆ ಪೂಜೆ ಸಲ್ಲುತ್ತದೆಯೇ?" ಎಂದಳು.

ಆ ಇಲಿಗಳು ಭೀಮನವು. ಭೀಮನೆಂದರೆ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿರುವ ನಮ್ಮ ಮನೆಯ ಹಿತ್ತಿಲಲ್ಲಿ ವಾಸಿಸುವ ಹ್ಯಾರಿಸ್ ಗಿಡುಗ. ಅವನ ಪೂರ್ವಿಕರು ಅಮೆರಿಕದ ಅರಿಜೋನಾ ಕಡೆಯ ಮರುಭೂಮಿಯಲ್ಲಿ ತೋಳಗಳಂತೆ ಗುಂಪುಕಟ್ಟಿ ಬೇಟೆಯಾಡುವವರು. ಇವನು ಇಲ್ಲಿಯೇ ಸಾಕಣೆಯಲ್ಲಿ ಹುಟ್ಟಿದವನು. ನಮ್ಮ ಭಾರತದಲ್ಲಾದರೆ ಗಿಡುಗವನ್ನು ಹಿಡಿದು ಸಾಕಿದರೆ 1972ರ ವನ್ಯಜೀವಿ ಕಾಯ್ದೆಯಡಿ ಸೆರೆಮನೆಯ ದಾರಿ ಹಿಡಿಯಬೇಕಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಗಿಡುಗದ ಬೇಟೆಯನ್ನು ರಾಜರ ವಿನೋದಗಳ ಸಾಲಿಗೆ ಸೇರಿಸಿದ್ದಾನೆಂದು ನಾನು ಮನೆಯಲ್ಲಿ ಆಗಾಗ ಹೇಳುವುದುಂಟು. ಹಕ್ಕಿ ಗೋಡೆಗೆ ಎರಚಿದ್ದನ್ನು ದೊರೆಯ ಮನೆಯಲ್ಲಿ ಯಾರು ತೊಳೆಯುತ್ತಿದ್ದರೆಂಬುದೂ ಅದರಲ್ಲಿ ಇದೆಯೇ ಎಂದು ಹೆಂಡತಿ ಪ್ರತಿಸಲವೂ ಕೇಳುತ್ತಾಳೆ.

ಬೇಸಗೆಯಿಡೀ ಗಿಡುಗ ಹಳೆಯ ಗರಿ ಉದುರಿಸಿ ಹೊಸ ಗರಿ ಬೆಳೆಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಅದಕ್ಕೆ ಹೊಟ್ಟೆತುಂಬ ಊಟ ಹಾಕಬೇಕು. ಕೊರತೆಯಾದರೆ ಬೆಳೆಯುತ್ತಿರುವ ಗರಿಯ ಮೇಲೆ ಅಡ್ಡಗೆರೆ ಮೂಡಿ, ಮುಂದೆ ಅಲ್ಲಿಯೇ ಮುರಿಯುತ್ತದೆ. ಹೀಗೆ ಉಂಡುಂಡು ಭೀಮನು 760 ಗ್ರಾಂ ತಲುಪಿದ್ದನು. ಅವನು ಮಾತು ಕೇಳುವ ತೂಕ 640. ತುಂಬಿದ ಹೊಟ್ಟೆಯ ಗಿಡುಗಕ್ಕೆ ಯಜಮಾನನ ನೆನಪು ಇರುವುದಿಲ್ಲವಾದ್ದರಿಂದ ಶಿಕಾರಿಗೆ ಸಿದ್ಧಗೊಳಿಸುವುದೆಂದರೆ ಬಹುಮಟ್ಟಿಗೆ ದಿನಕ್ಕೆ ಐದಾರು ಗ್ರಾಂನಂತೆ ಅದರ ತೂಕವನ್ನು ಇಳಿಸುವುದೇ ಆಗಿದೆ. ಅವಸರ ಮಾಡಿದರೆ ಹಕ್ಕಿಯೇ ಉಳಿಯುವುದಿಲ್ಲ. ಆದ್ದರಿಂದ ದಿನವೂ ತೂಗಬೇಕು. ಅದೂ ಹಿಂದಿನ ದಿನ ನುಂಗಿದ ರೋಮ ಮತ್ತು ಮೂಳೆಯನ್ನು ಅದು ಉಂಡೆಯಾಗಿ ಕಕ್ಕಿದ ಮೇಲೆ. ಬೆಳಿಗ್ಗೆ ಕಾಫಿಗೂ ಮುಂಚೆ ಆ ಉಂಡೆಯನ್ನು ನೆಲದಲ್ಲಿ ಹುಡುಕಿ, ಸಿಕ್ಕಾಗ ಸಂಭ್ರಮಿಸುವ ಮನುಷ್ಯನ ಬಗ್ಗೆ ನೆರೆಮನೆಯವರು ಏನೆಂದುಕೊಂಡಿದ್ದಾರೋ ನಾನು ಕೇಳಿಲ್ಲ.

ಉಳಿದ ಸಿದ್ಧತೆಗಳೂ ಇದ್ದವು. ಕಾಲಿಗೆ ಹೊಸ ಚರ್ಮದ ಪಟ್ಟಿ, ಗೆಜ್ಜೆ, ಹಾರಿಹೋದರೆ ಪತ್ತೆ ಹಚ್ಚಲು ಬಾಲಕ್ಕೊಂದು ಪುಟ್ಟ ಟ್ರಾನ್ಸ್‌ಮಿಟರ್. ಎಡಗೈಯ ಮೇಲೆ ಹಕ್ಕಿ ಕೂತಿರುವುದರಿಂದ ಗಂಟು ಹಾಕುವುದಕ್ಕೆ ಬಲಗೈಯೊಂದೇ ಗತಿ. ಅದರ ಅಭ್ಯಾಸಕ್ಕೆಂದು ನಾನು ಊಟದ ಮೇಜಿನ ಕುರ್ಚಿಗಳನ್ನೆಲ್ಲ ಕಟ್ಟಿ, ಬಿಚ್ಚಲು ಬಾರದೆ, ಅತಿಥಿಗಳನ್ನು ಸೋಫಾದಲ್ಲಿ ಕೂರಿಸಿ ಊಟ ಬಡಿಸಿದ್ದೂ ಆಯಿತು.

ಹಬ್ಬದ ದಿನ ಬೆಳಿಗ್ಗೆ ಭೀಮನನ್ನು ತಕ್ಕಡಿಗೆ ಹತ್ತಿಸಿದರೆ ಅದು 644 ತೋರಿಸಿತು. ಹಿಂದಿನ ದಿನ 690 ಇದ್ದವನು ಒಂದೇ ರಾತ್ರಿಗೆ 46 ಗ್ರಾಂ ಇಳಿದದ್ದು ಹೇಗೆಂದು ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಹೆಮ್ಮೆ. ಮಧ್ಯಾಹ್ನ ಕಡುಬು ತಿಂದು, ಪರಿಚಯದ ರೈತರೊಬ್ಬರ ಹೊಲಕ್ಕೆ ಹೋಗಿ, ಅಭ್ಯಾಸದ ಹಾರಾಟಕ್ಕೆ ಕಟ್ಟುತ್ತಿದ್ದ ಉದ್ದನೆಯ ದಾರವನ್ನು ಬಿಚ್ಚಿ, ಆ ವರ್ಷ ಮೊದಲ ಬಾರಿಗೆ ಅವನನ್ನು ಸ್ವತಂತ್ರವಾಗಿ ಹಾರಿಬಿಟ್ಟೆ.

ಭೀಮನು ನೇರವಾಗಿ ಓಕ್ ಮರದ ತುದಿಗೆ ಹೋಗಿ ಕುಳಿತನು. ಶಿಳ್ಳೆ ಹಾಕಿದೆ. ಮಾಂಸ ತೋರಿಸಿದೆ. ಅವನು ಗರಿ ನೀವಿಕೊಂಡು, ಒಂದು ಕಾಲನ್ನು ಮಡಚಿ, ಆಸ್ಥಾನದಲ್ಲಿ ಅಹವಾಲು ಕೇಳುವವನಂತೆ ಕೆಳಗೆ ನೋಡಿದನು. ಕತ್ತಲಾಗುವ ಹೊತ್ತಿಗೆ ಅಲ್ಲಿಂದಲೂ ಎದ್ದು ಕಾಡಿನಂಚಿಗೆ ಹಾರಿಹೋದನು. ರಿಸೀವರ್ ತೆಗೆದೆ. ಯಾವ ದಿಕ್ಕಿಗೆ ತಿರುಗಿದರೂ ಅದು ಒಂದೇ ಸಮನೆ ಕೂಗುತ್ತಿತ್ತು. ಅರ್ಧ ಗಂಟೆ ಕೆಸರಿನಲ್ಲಿ ಗಿರಗಿರ ಸುತ್ತಿದ ಮೇಲೆ, ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದಾಗ ಭೀಮನ ಬಾಲದಲ್ಲಿರಬೇಕಿದ್ದ ಟ್ರಾನ್ಸ್‌ಮಿಟರ್ ಕೈಗೆ ತಾಗಿತು.

ಬರಿಗೈಯಲ್ಲಿ ಮನೆಗೆ ಬಂದು ತೂಕದ ಸೋಜಿಗವನ್ನು ಹೇಳಿಕೊಂಡೆ. ಹೆಂಡತಿ ಎದ್ದುಹೋಗಿ ಸ್ಟೀಲ್ ಪಾತ್ರೆಯೊಂದನ್ನು ತಂದಳು. ಬೆಳಿಗ್ಗೆ ಅಕ್ಕಿಹಿಟ್ಟು ತೂಗಲು ಅದನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಂಡಿದ್ದಳಂತೆ. ಪಾತ್ರೆ ತೆಗೆದು, ಕನ್ನಡಕವಿಲ್ಲದೆ, ಸೊನ್ನೆ ನೋಡದೆ ಭೀಮನ ಕೂರುಗೋಲನ್ನು ಇಟ್ಟವನು ನಾನು. ಎರಡನ್ನೂ ತೂಗಿದೆವು. ಪಾತ್ರೆಯೇ 40 ಗ್ರಾಂ ಹೆಚ್ಚು. ತಕ್ಕಡಿ ಭೀಮನ ತೂಕದಲ್ಲಿ ಕಡಿಮೆ ತೋರಿಸಿದ್ದೂ ಅಷ್ಟನ್ನೇ.

ಮರುದಿನ ಬೆಳಕು ಹರಿಯುವ ಮುನ್ನ ಅದೇ ಓಕ್ ಮರದ ಕೆಳಗೆ ನಿಂತು ಶಿಳ್ಳೆ ಹಾಕಿದೆ. ಗೆಜ್ಜೆ ಸದ್ದಾಯಿತು. ರಾತ್ರಿಯೆಲ್ಲ ಉಪವಾಸವಿದ್ದ ಭೀಮನು ಮಂಜಿನೊಳಗಿಂದ ಬಂದು ಕೈಗವಸಿನ ಮೇಲೆ ಇಳಿದು, ನನ್ನ ಮುಖವನ್ನೂ ನೋಡದೆ ಇಲಿಯನ್ನು ನುಂಗಿದನು.

ಈಗ ನಮ್ಮ ಮನೆಯಲ್ಲಿ ಎರಡು ತಕ್ಕಡಿಗಳಿವೆ. ಅಡುಗೆಮನೆಯದು ಹೊಸದು. ಹೂರಣದ ಲೆಕ್ಕ ತಪ್ಪಬಾರದೆಂದು ಹೆಂಡತಿ ಅದನ್ನು ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟಿದ್ದಾಳೆ.